ತೂಗಿದ ಮರಗಳು

ಮರ ದೊಡ್ಡದಾಗಲು ಒಂದು ತಲೆಮಾರು ಬೇಕು ಎನ್ನುವ ಮಾತು ಸುಳ್ಳಾದ ಕಾಲದಲ್ಲಿ ನಡೆದದ್ದು ಇದು. ಹುಬ್ಬಳ್ಳಿಯ ಹೊರಗೆ ಹತ್ತಿ ಗೋದಾಮಿನಷ್ಟು ಉದ್ದದ ಒಂದು ಕಟ್ಟಡ. ದಸರೆಯ ಹೊತ್ತಿಗೆ ಅದರ ಒಂದು ಬಾಗಿಲಿನಿಂದ ಮೊಣಕಾಲೆತ್ತರದ ಬೇವಿನ ಸಸಿ ಒಳಗೆ ಹೋದರೆ, ಸಂಕ್ರಾಂತಿಗೆ ಇನ್ನೊಂದು ಬಾಗಿಲಿನಿಂದ ಮೂವತ್ತು ವರ್ಷದ ಬೇವು ಲಾರಿಯ ಮೇಲೆ ಒರಗಿಕೊಂಡು ಹೊರಗೆ ಬರುತ್ತಿತ್ತು. ಸರ್ಕಾರಿ ಭಾಷೆಯಲ್ಲಿ ಅದು ವೃಕ್ಷ ವೇಗವರ್ಧನ ಶಾಲೆ. ಮರಕ್ಕೂ ಗಿಡ ಎಂದೇ ಅನ್ನುವ ಆ ಕಡೆಯ ಜನ ಅದನ್ನು ಗಿಡದ ಸಾಲಿ ಅಂದರು. "ನಮ್ಮ ಹುಡುಗ್ರೂ ಸಾಲಿಗೆ ಹೋಗಿ ಇಷ್ಟು ಲಗೂ ಬೆಳೆದು ಬಂದಿದ್ರ ಎಷ್ಟು ಅಂಗಿ ಉಳೀತಿದ್ವಲ್ರೀ" ಎಂದು ನಗುತ್ತಿದ್ದರು.

ಒಳಗಿನ ವಿದ್ಯೆ ಬಹಳ ಗೂಢವೇನಲ್ಲ. ಬೇರುಗಳು ಮಣ್ಣಿನಲ್ಲಿರದೆ ಮಂಜಿನಲ್ಲಿ ತೇಲುತ್ತಿದ್ದವು. ಆ ಮಂಜಿನಲ್ಲೇ ಅನ್ನ, ನೀರು, ಮತ್ತು ಮೊಗ್ಗಿಗೆ "ಯುಗಾದಿ ಬಂತು, ಏಳು" ಎಂದು ಬಿಡದೆ ಹೇಳುವ ಒಂದು ರಸ. ತಲೆಯ ಮೇಲೆ ಎಂದೂ ಆರದ ಕೆಂಪು ದೀಪ. ಗಾಳಿ ಮಾತ್ರ ಬೀಸಬಾರದು. ಬೀಸಿದರೆ ಮಂಜು ಚದುರಿ ಬೇರು ಒಣಗುತ್ತಿತ್ತು.

ಇಷ್ಟೆಲ್ಲ ಯಾಕೆ ಬೇಕಾಯಿತೆಂದರೆ, ನೆರಳು ಇರಲಿಲ್ಲ. ಗದಗಿನಂಥ ಊರಲ್ಲಿ ಹೋಳಿ ಹುಣ್ಣಿಮೆಯಿಂದ ಹಿಡಿದು ಮಳೆ ಬೀಳುವವರೆಗೆ ಮಧ್ಯಾಹ್ನ ಯಾರೂ ಹೊರಗೆ ಹೆಜ್ಜೆ ಇಡಬಾರದೆಂಬ ಕಟ್ಟಳೆ. ಸಂತೆ ನಸುಕಿಗೆ, ಕೋರ್ಟು ಸಂಜೆಗೆ. ಬಿಸಿಲಿಗೆ ಸಿಕ್ಕವರು ಗೋಡೆಗೆ ಬೆನ್ನು ಹಚ್ಚಿ, ಗೋಡೆಯ ಗೇಣು ನೆರಳಿನಲ್ಲಿ ಏಡಿಯ ಹಾಗೆ ಅಡ್ಡಡ್ಡ ನಡೆಯುವುದನ್ನು ಕಲಿತಿದ್ದರು. ಉಕ್ಕಿನ ಚಪ್ಪರ ಹಾಕಿ ನೋಡಿದ್ದಾಯಿತು. ಹಗಲು ಕುಡಿದ ಬಿಸಿಲನ್ನು ಅವು ಸಂಜೆಯೆಲ್ಲ ಕಾರುತ್ತಿದ್ದವು. ಕೊನೆಗೆ ತಂಪು ನಗರ ಮಂಡಳಿ ಎಂಬುದೊಂದು ಹುಟ್ಟಿ, ಉತ್ತರದ ಏಳು ಊರುಗಳಲ್ಲಿ ನೆರಳಿನ ತೋಟಗಳನ್ನು ಮಾಡಬೇಕೆಂದು ಗೊತ್ತುಮಾಡಿತು. ಮೊದಲನೆಯದು ಗದಗಿಗೆ. ಅದನ್ನು ರೂಪಿಸುವ ಕೆಲಸ ದಾನಮ್ಮ ಕವಲೂರ ಎಂಬಾಕೆಗೆ.

ದಾನಮ್ಮ ಹೆಮ್ಮೆಯ ಹೆಂಗಸು. ಅದನ್ನು ಮುಚ್ಚಿಟ್ಟುಕೊಳ್ಳುವ ಅಭ್ಯಾಸವೂ ಆಕೆಗಿರಲಿಲ್ಲ. ಉದ್ಯಾನ ವಿನ್ಯಾಸ ಕಲಿತು ಬಂದ ಹೊಸತರಲ್ಲಿ ಆಕೆಗೆ ಸಿಕ್ಕ ಮೊದಲ ಕೆಲಸ ಬಸ್‌ಸ್ಟ್ಯಾಂಡಿನೆದುರಿನ ಒಂದು ವೃತ್ತ. ಎಮ್ಮೆ ಮಲಗಿದರೆ ತೋಟ ಮುಗಿಯುತ್ತಿತ್ತು, ಅಷ್ಟು ಸಣ್ಣದು. ಆಮೇಲೆ ಆಸ್ಪತ್ರೆಯ ಅಂಗಳ, ಆಮೇಲೆ ಜೈಲಿನ ಅಂಗಳ. ಜೈಲಿನಿಂದ ಬಿಡುಗಡೆಯಾದವನೊಬ್ಬ ಆ ತೋಟ ನೋಡಿ, "ಮಲ್ಲಿಗಿ ಅರಳೂತನಕ ಇದ್ದು ಹೋಗ್ಲೇನ್ರಿ ಸಾಹೇಬ್ರ" ಎಂದು ಕೇಳಿದನಂತೆ. ಈ ಮಾತನ್ನು ಊರಿಗೆಲ್ಲ ಹಬ್ಬಿಸಿದವಳು ದಾನಮ್ಮನೇ. ಈಗ ಮಂಡಳಿಯವರು ಹೇಳಿದ್ದರು: ಯುಗಾದಿಗೆ ಗದಗಿನ ತೋಟ ತೆರೆದರೆ ಏಳೂ ಊರುಗಳ ಮುಖ್ಯ ವಿನ್ಯಾಸಕಿ ಆಕೆಯೇ. ಆ ಹುದ್ದೆ ಬೇಕು ಎಂದು ಆಕೆ ಬಾಯಿಬಿಟ್ಟೇ ಹೇಳುತ್ತಿದ್ದಳು. "ಬೇಡ ಬೇಡ ಅನಕೋತ ಎರಡು ಹೋಳಿಗಿ ತಿನ್ನೂ ಮಂದಿ ನಾನಲ್ಲ."

ಗಾಳಿ ಕಾಣದೆ ಬೆಳೆದ ಮರದ ಗುಣ ಆಕೆಗೆ ಗೊತ್ತಿತ್ತು. ಹಾಲು, ತುಪ್ಪ, ಬಾದಾಮಿ ಎಲ್ಲ ತಿಂದು ಗರಡಿಗೆ ಮಾತ್ರ ಇಳಿಯದ ಪೈಲವಾನನಿದ್ದಂತೆ ಅದು. ಮೈ ಇರುತ್ತದೆ, ಕಸುವು ಇರುವುದಿಲ್ಲ. ಗಾಳಿ ಬಗ್ಗಿಸಿದಾಗಲೇ ಕಾಂಡದ ಒಳಗಿನ ನಾರು ಗಟ್ಟಿಯಾಗುವುದು, ಬೇರು ಅಗಲಕ್ಕೆ ಕೈ ಚಾಚುವುದು. ಅದಕ್ಕೆಂದೇ ದಸರೆಯಲ್ಲಿ ಸಸಿಗಳನ್ನು ಒಳಗೆ ಬಿಟ್ಟ ದಿನ, ಗಿಡದ ಸಾಲಿಯ ಎಂಜಿನಿಯರ್ ಶ್ರೀಕಂಠನನ್ನು ಕರೆದು ಹೇಳಿದ್ದಳು: "ಯಂತ್ರದ ತೋಳಿಂದ ಹಿಡಿದು ದಿನಾ ತೂಗ್ರಿ. ಒಂದು ಗಿಡಾನೂ ಬಿಡಬ್ಯಾಡ್ರಿ."

ಯಾಕೆ ಎಂದು ಹೇಳಲಿಲ್ಲ. ಇಷ್ಟು ತಿಳಿಯದವರು ಗಿಡದ ಸಾಲಿಗೆ ಬರುತ್ತಾರೆಯೇ ಎಂದುಕೊಂಡಳು.

ಶ್ರೀಕಂಠ ನಂಜನಗೂಡಿನವನು, ಮೃದು ಮಾತಿನ ಹುಡುಗಾಟದ ಮನುಷ್ಯ. ಆ ಮಾತನ್ನು ಹಾಗೆಯೇ ಯಂತ್ರಕ್ಕೆ ಒಪ್ಪಿಸಿದ. ಯಂತ್ರಕ್ಕೆ ಪುಸ್ತಕದ ಕನ್ನಡ ಬರುತ್ತಿತ್ತು. ದಿನಾ ಸಂಜೆ ದಾನಮ್ಮ ರೊಟ್ಟಿ ಬಡಿಯುವ ಹೊತ್ತಿಗೆ ಫೋನು ಮಾಡಿ ವರದಿ ಒಪ್ಪಿಸುತ್ತಿತ್ತು: "ನಮಸ್ಕಾರ. ಇಂದು ಎಲ್ಲ ಮರಗಳನ್ನು ತೂಗಲಾಗಿದೆ."

"ಶಾಣ್ಯಾ ನನ್ನ ಮಗಾ" ಎನ್ನುತ್ತಿದ್ದಳು ದಾನಮ್ಮ, ಹಿಟ್ಟಿನ ಕೈಯಲ್ಲೇ.

ಒಮ್ಮೆ ಹೋಗಿ ಗಾಜಿನ ಹೊರಗೆ ನಿಂತು ನೋಡಿಯೂ ಬಂದಿದ್ದಳು. ಯಂತ್ರದ ತೋಳು ಒಂದು ಬೇವನ್ನು ಬುಡದಿಂದ ಹಿಡಿದು ಮೆಲ್ಲಗೆ ಎತ್ತಿತು, ತುಸು ತಡೆಯಿತು, ಇಳಿಸಿತು. ತೊಟ್ಟಿಲು ತೂಗುವ ಮುನ್ನ ಕೂಸನ್ನು ಎತ್ತಿ ಹದ ಮಾಡಿ ಮಲಗಿಸುವುದಿಲ್ಲವೇ, ಹಾಗೆ ಕಂಡಿತು ಆಕೆಗೆ. ತೃಪ್ತಿಯಾಗಿ ತಿರುಗಿ ಬಂದಳು. ತೋಟದ ಜಾಗದಲ್ಲಿ ಬೇಕಾದಷ್ಟು ಕೆಲಸವಿತ್ತು: ಕೆರೆಯ ಇಳಿಜಾರು ತಿದ್ದಿಸಬೇಕು, ಯಾವ ಹೊತ್ತಿಗೆ ಯಾವ ಮರದ ನೆರಳು ಎಲ್ಲಿ ಬೀಳುತ್ತದೆಂದು ಸುಣ್ಣದ ಗೆರೆ ಎಳೆಸಬೇಕು.

ಸಂಕ್ರಾಂತಿ ಮುಗಿಯುತ್ತಲೇ ಮೊದಲ ಮರ ಹೊರಗೆ ಬಂತು. ಗಿಡದ ಸಾಲಿಯ ಹಿತ್ತಿಲಲ್ಲಿ ಅದನ್ನು ಗುಂಡಿಗಿಳಿಸಿ, ಮಣ್ಣು ತುಂಬಿ, ಕ್ರೇನಿನ ಪಟ್ಟಿ ಬಿಚ್ಚಿದರು. ಎಂಥ ಚೆಲುವಾದ ಬೇವು. ನೋಡುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಬೆಳಗಿನ ಗಾಳಿ, ದೀಪವೂ ಆರದಂಥ ಗಾಳಿ, ಒಮ್ಮೆ ಸುಳಿಯಿತು. ಮರ ನಡುವಿನಿಂದ ಬಾಗತೊಡಗಿತು. ನಿದ್ದೆಗೆಟ್ಟ ಬೀಗರು ಮದುವೆ ಚಪ್ಪರದಲ್ಲಿ ಪಕ್ಕದವರ ಹೆಗಲಿಗೆ ಒರಗುವ ಹಾಗೆ ನಿಧಾನವಾಗಿ ಬಂದು ಲಾರಿಯ ತಲೆಯ ಮೇಲೆ ತಲೆ ಇಟ್ಟಿತು. ಮತ್ತೆ ಏಳಲಿಲ್ಲ.

ದಾನಮ್ಮ ಎಂಜಿನಿಯರನ ಕಡೆ ತಿರುಗಿದಳು. "ಶ್ರೀಕಂಠ, ದಿನಾ ತೂಗೀರಿಲ್ಲೋ?"

"ತೂಗಿದೀವಲ್ಲ ಮೇಡಂ. ಒಂದು ದಿನಾನೂ ತಪ್ಪಿಸಿಲ್ಲ. ಈ ಮರ ನೋಡಿ, ಎಷ್ಟು ಚೆನ್ನಾಗಿ ತೂಕ ಬಂದಿದೆ. ಇಡೀ ಬ್ಯಾಚಲ್ಲೇ ಇದೇ ಜಾಸ್ತಿ."

"ಯಾವ ತೂಕ?"

"ಅದೇ, ತೂಗಿದ್ ತೂಕ."

ದಾನಮ್ಮ ಎರಡೂ ಕೈ ಎದುರಿಗೆ ಚಾಚಿ, ಕಾಣದ ತೊಟ್ಟಿಲೊಂದನ್ನು ಹಿಂದೆ ಮುಂದೆ ಆಡಿಸಿ ತೋರಿಸಿದಳು. "ತೂಗೂದು ಅಂದ್ರ ಹಿಂಗ."

ಶ್ರೀಕಂಠ ಬಲಗೈ ಎತ್ತಿ, ತಕ್ಕಡಿ ಹಿಡಿದ ಹಾಗೆ ಮೂರು ಬೆರಳು ಕೂಡಿಸಿ, ಹಾಗೆಯೇ ನಿಂತುಬಿಟ್ಟ. "ಅಯ್ಯೋ ದೇವರೇ. ನಾವು ಹಿಂಗೆ ಅನ್ಕೊಂಡ್ವಿ ಮೇಡಂ."

ಇಬ್ಬರೂ ಕೈಗಳನ್ನು ಹಾಗೇ ಹಿಡಿದು ನಿಂತದ್ದನ್ನು ಕಂಡು ಲಾರಿಯವನು ಇದೇನು ಪೂಜೆಯೋ ಎಂದು ಚಪ್ಪಲಿ ಕಳಚಿದ.

ಮನೆಯಲ್ಲಿ ಈ ಸುದ್ದಿಗೆ ಮೊದಲು ನಕ್ಕವಳು ಅತ್ತೆ ಚೆನ್ನವ್ವ. ಆಕೆ ಸೊಸೆಯ ಹೆಸರು ಪೇಪರಿನಲ್ಲಿ ಬಂದಾಗಲೆಲ್ಲ ಓಣಿಯವರಿಗೆ ಸಕ್ಕರೆ ಹಂಚಿದವಳು, ಸೊಸೆಯನ್ನು ಬಿಡದೆ ಬೈಯುವವಳೂ ಹೌದು.

"ತೊಟ್ಟಿಲಕ್ಕೂ ತೂಗು, ತಕ್ಕಡಿಗೂ ತೂಗು. ನೀ ಯಾವ ತೂಗು ಅಂತ ಹೇಳಬೇಕಿಲ್ಲೋ ಹುಚ್ಚಿ? ಪಾಪ, ಆ ಯಂತ್ರಕ್ಕ ತೊಟ್ಟಿಲಾ ಯಾರು ತೋರಿಸ್ಯಾರ?"

"ನಗಬ್ಯಾಡ ಅತ್ತಿ. ನನ್ನ ಹುದ್ದೆ ಹೋಗೂ ಹೊತ್ತು ಬಂದೈತಿ."

ಗಂಡ ರುದ್ರಪ್ಪ ಮುದ್ರಣಾಲಯ ನಡೆಸುವವನು. ತೋಟ ತೆರೆಯುವ ಆಮಂತ್ರಣದ ಕರಡು ಅವನ ಮೇಜಿನ ಮೇಲೇ ಇತ್ತು. "ಅಚ್ಚು ಹಾಕ್ಲೋ, ನಿಲ್ಲಸ್ಲೋ?" ಎಂದು ಮಾತ್ರ ಕೇಳಿದ.

ದಾನಮ್ಮನ ತಟ್ಟೆಯಲ್ಲಿದ್ದ ರೊಟ್ಟಿ ಹಾಗೇ ಆರಿ ಗಟ್ಟಿಯಾಯಿತು.

ಮರುವಾರ ಮಂಡಳಿಯ ಮುಖ್ಯಸ್ಥರು, ಲತೀಫ ಮುಲ್ಲಾ ಸಾಹೇಬರು, ತಾವೇ ಗದಗಿಗೆ ಬಂದರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. ತೋಟದ ಜಾಗದಲ್ಲಿ ಸುಣ್ಣದ ಗೆರೆಗಳ ನಡುವೆ ಕೊಡೆ ಹಿಡಿದು ಓಡಾಡಿ, ಕೊನೆಗೆ ದನಿ ತಗ್ಗಿಸಿ ಹೇಳಿದರು:

"ನಮ್ಮ ಎಂಜಿನಿಯರುಗಳು ಒಂದು ದಾರಿ ಹೇಳ್ತಾರ. ಕಾಂಡದ ಒಳಗ ಉಕ್ಕಿನ ಕೊಳವಿ ತೂರಿಸೂದು, ಮ್ಯಾಲ ತೊಗಟಿ ಮುಚ್ಚೂದು. ಯುಗಾದಿಗೆ ತೆರದುಬಿಡಬಹುದು. ಯಾರಿಗೆ ಗೊತ್ತಾಗತೈತಿ?"

"ಗಿಡಕ್ಕ ಗೊತ್ತಾಗತೈತ್ರಿ ಸಾಹೇಬ್ರ."

ಅವರು ನಕ್ಕರು. ದಾನಮ್ಮ ನಗಲಿಲ್ಲ. "ಕೊಳವಿ ಹಿಡಿದು ನಿಂತ ಗಿಡ ತಾನಾಗಿ ನಿಲ್ಲೂದ್ನ ಎಂದೂ ಕಲಿಯೂದಿಲ್ರಿ. ಕೊಳವಿ ಇವತ್ತಿಲ್ಲ ನಾಳೆ ತುಕ್ಕು ಹಿಡೀತೈತಿ. ಅವತ್ತು ಅದರ ಬುಡಕ ಯಾರು ಕುಂತಿರ್ತಾರೋ, ಎಷ್ಟು ಮಕ್ಕಳು ಆಡ್ತಿರ್ತಾವೋ."

"ಹಂಗಾರ ನಿಮ್ಮ ದಾರಿ ಏನು?"

"ಈಗ ಹೊರಗ ತಂದು ನೆಡೂದು. ಬೀಳದಂಗ ಸಡಿಲ ಹಗ್ಗ ಕಟ್ಟಿ, ದಿನಾ ತೂಗೂದು. ಆಷಾಢದ ಗಾಳಿ ಬಂದಾಗ ಹಗ್ಗ ಬಿಚ್ಚೂದು. ನಿಂತ್ರ ತೋಟ."

ಮುಲ್ಲಾ ಸಾಹೇಬರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. "ನೋಡ್ರಿ ದಾನಮ್ಮ, ಯುಗಾದಿ ತಪ್ಪಿದ್ರ ಆ ಹುದ್ದೆ ನಿಮ್ಮ ಸಲುವಾಗಿ ಹಿಡಿದಿಡಾಕ ನನ್ನಿಂದ ಆಗೂದಿಲ್ಲ. ಮತ್ತ, ಈ ಬ್ಯಾಸಗಿನೂ ಈ ಊರು ನೆಳ್ಳಿಲ್ಲದs ಕಳೀಬೇಕಾಗತೈತಿ. ಅದನ್ನ ಜನಕ್ಕ ನೀವs ಹೇಳಬೇಕು."

ಹುದ್ದೆಯ ಮಾತಿಗಿಂತ ಎರಡನೆಯ ಮಾತು ಆಕೆಗೆ ಹೆಚ್ಚು ಚುಚ್ಚಿತು. ಸುಣ್ಣದ ಗೆರೆಯೊಂದನ್ನು ಕಾಲಿನಿಂದ ಅಳಿಸುತ್ತ ನಿಂತಳು. ಆಮೇಲೆ, "ಹೇಳ್ತೀನ್ರಿ" ಅಂದಳು.

ಮರಗಳು ಬಂದು ನಿಂತವು: ಬೇವು, ಬಸರಿ, ಹುಣಸೆ, ಹೊಂಗೆ. ನಾಲ್ಕೂ ಕಡೆ ಸಡಿಲ ಹಗ್ಗ ಕಟ್ಟಿದ್ದರಿಂದ ನೋಡುವುದಕ್ಕೆ ಬೀದಿಯಾಟದವರು ಹಗ್ಗ ಕಟ್ಟಿ ನಿಲ್ಲಿಸಿದ ಕಂಬಗಳಂತೆ ಕಾಣುತ್ತಿದ್ದವು. ಶ್ರೀಕಂಠ ತನ್ನ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ತೂಗುವ ಮೋಟಾರುಗಳನ್ನು ಮಾಡಿಕೊಂಡು ಬಂದು ಕೆಲವು ಮರಗಳಿಗೆ ಹಚ್ಚಿದ. ಕಾಂಡದೊಳಗಿನ ಬಾಗನ್ನು ಅಳೆಯುವ ಸೂಜಿಗಳನ್ನೂ ಚುಚ್ಚಿ, ತೋಟದ ಮೂಲೆಯ ತಗಡಿನ ಕೋಣೆಯಲ್ಲಿ ಪರದೆ ಇಟ್ಟುಕೊಂಡು ಕೂತ. ಶಿವರಾತ್ರಿಯ ಹೊತ್ತಿಗೆ ಮುಖ ಸಪ್ಪಗೆ ಮಾಡಿಕೊಂಡು ದಾನಮ್ಮನನ್ನು ಕರೆದ.

"ಮೇಡಂ, ಮೋಟಾರು ಯಾವಾಗ್ಲೂ ಒಂದೇ ಕಡೆಗೆ, ಒಂದೇ ತಾಳಕ್ಕೆ ತೂಗುತ್ತೆ. ಮರ ಆ ಕಡೆ ಮಾತ್ರ ಗಟ್ಟಿಯಾಗ್ತಿದೆ. ಅಡ್ಡ ಕಡೆಯಿಂದ ತಳ್ಳಿದ್ರೆ ಮತ್ತೆ ಲಾರಿ ಮೇಲೆ ಮಲಗುತ್ತೆ."

"ಗಾಳಿಗೆ ತಾಳ ಇಲ್ಲಪಾ."

"ತಾಳ ಇಲ್ಲದ ಮೋಟಾರು ನಾನು ಎಲ್ಲಿಂದ ತರ್ಲಿ?"

ದಾನಮ್ಮ ಬಾಗಿಲ ಹೊರಗೆ ನೋಡಿದಳು. ಬೇಲಿಯಾಚೆ ಇಬ್ಬರು ಹೆಂಗಸರು ಗೋಡೆಗೆ ಬೆನ್ನು ಹಚ್ಚಿ, ಅಡ್ಡಡ್ಡ ನಡೆಯುತ್ತ, ಜಗಳವಾಡುತ್ತ ಹೋಗುತ್ತಿದ್ದರು. ಒಬ್ಬಳ ದನಿ ಏರುತ್ತಿತ್ತು, ಇನ್ನೊಬ್ಬಳದು ಇಳಿಯುತ್ತಿತ್ತು, ಯಾವ ಗಳಿಗೆಗೆ ಏನೆನ್ನುವುದು ಅವರಿಗೇ ಗೊತ್ತಿರಲಿಲ್ಲ.

"ಊರತುಂಬ ಅದಾವಲ್ಲೋ" ಅಂದಳು.

ಆ ಸಂಜೆ ತೋಟದಲ್ಲೇ ಜನರನ್ನು ಸೇರಿಸಿದರು. ದಾನಮ್ಮ ಎದ್ದು ನಿಂತು ಇದ್ದದ್ದು ಇದ್ದ ಹಾಗೆ ಹೇಳಿದಳು: ತೂಗು ಅಂದದ್ದು, ತೂಗಿದ್ದು, ಮರ ಬಿದ್ದದ್ದು, ಈ ಬೇಸಿಗೆ ನೆರಳಿಲ್ಲ ಎಂಬುದು, ಇನ್ನು ಊರವರೇ ಬಂದು ಹಗ್ಗ ಹಿಡಿದು ತೂಗಬೇಕು ಎಂಬುದು. ಮೊದಲು ನಗೆ, ಆಮೇಲೆ ಗೊಣಗಾಟ. ರೊಟ್ಟಿ ಮಾರುವ ಕಸ್ತೂರೆವ್ವ ಎದ್ದಳು. ದನಿಗೆ ಹೆಸರಾದವಳು.

"ಅಲ್ಲವಾ ದಾನವ್ವ, ನೆಳ್ಳ ಕೊಡ್ತೀನಂತ ಹೇಳಿ ಈಗ ನಮ್ಮ ಕಡಿಂದs ಗಿಡಾ ತೂಗಸ್ತೀಯಾ? ನಾವೇನು ಅದರ ಸೋದರತ್ತಿಗೋಳಾ?"

"ಹೌದವಾ. ಹೆರೂದು ಸಾಲಿ ಹೆತ್ತೈತಿ. ತೂಗಾಕ ಊರs ಬೇಕು."

ಹಿಂದಿನಿಂದ ಯಾರೋ, "ಹೆಸರಿಡೂ ದಿನಾನೂ ಹೇಳಿಬಿಡ್ರಿ, ಗುಗ್ಗರಿ ತರ್ತೀವಿ" ಅಂದರು. ಆ ನಗುವಿನಲ್ಲಿ ಅರ್ಧ ಕೆಲಸ ಆಯಿತು.

ಓಣಿಗೊಂದಿಷ್ಟು ಮರ ಹಂಚಿದರು. ನಸುಕಿಗೆ ನೇಕಾರರು ಬರುತ್ತಿದ್ದರು, ಮಗ್ಗಕ್ಕೆ ಕೂರುವ ಮೊದಲು ಮೈ ಸಡಿಲಾಗಲೆಂದು. ಗರಡಿಯ ಹುಡುಗರು ಮೊದಲ ದಿನ ಮರವನ್ನು ಎದುರಾಳಿ ಎಂದೇ ತಿಳಿದು ಜಗ್ಗಿ ದಾನಮ್ಮನ ಕೈಲಿ ಬೈಸಿಕೊಂಡರು: "ಕುಸ್ತಿ ಅಲ್ಲೋ, ಕೂಸು." ಸಂಜೆ ಕೋರ್ಟಿನಲ್ಲಿ ಕೇಸು ಸೋತು ಬಂದವರು ಸಿಟ್ಟನ್ನೆಲ್ಲ ಹಗ್ಗದ ಮೇಲೆ ತೀರಿಸಿಕೊಳ್ಳುತ್ತಿದ್ದರು. ಅವರನ್ನು ಮಾತ್ರ ದಾನಮ್ಮ ತಡೆಯಲಿಲ್ಲ. ಅಂಥ ಗಾಳಿಯೂ ಒಮ್ಮೊಮ್ಮೆ ಬರುತ್ತದಲ್ಲ. ಹೆಂಗಸರು ಜೋಗುಳ ಕಟ್ಟಿದರು, ಅದರಲ್ಲಿ ದಾನಮ್ಮನನ್ನೂ ಶ್ರೀಕಂಠನನ್ನೂ ಸೇರಿಸಿ ಲೇವಡಿ ಮಾಡಿದರು. ಚೆನ್ನವ್ವ ಹಗ್ಗ ಮುಟ್ಟಲಿಲ್ಲ. ಕುರ್ಚಿ ಹಾಕಿಸಿಕೊಂಡು ಕೂತು, "ಆ ಹುಣಸಿಗೆ ಎಡಕ್ಕ ತೂಗೇ ಇಲ್ಲ ಯಾರೂ" ಎಂದು ಕೋಲಿನಿಂದ ತೋರಿಸುವುದು ಅವಳ ಕೆಲಸ. ತಗಡಿನ ಕೋಣೆಯಲ್ಲಿ ಶ್ರೀಕಂಠನ ಪರದೆಯ ಮೇಲೆ ಗೆರೆಗಳು ನೇಕಾರರ ಓಣಿಗೊಂದು ತರಹ, ವಕೀಲರ ಓಣಿಗೊಂದು ತರಹ ಕುಣಿಯುತ್ತಿದ್ದವು.

ಯುಗಾದಿ ಬಂದು ಹೋಯಿತು. ಬೇವು ಬೆಲ್ಲ ಹಂಚುವಾಗ ಆ ವರ್ಷ ಎಲ್ಲರೂ ದಾನಮ್ಮನಿಗೆ ಬೇವನ್ನೇ ಹೆಚ್ಚು ಕೊಟ್ಟರು. ಬಿಸಿಲು ಸುಟ್ಟಿತು. ಮುಖ್ಯ ವಿನ್ಯಾಸಕರ ಹುದ್ದೆಗೆ ಬೇರೆ ಬೇರೆ ಹೆಸರುಗಳು ಪೇಪರಿನಲ್ಲಿ ಓಡಾಡಿದವು. ರುದ್ರಪ್ಪ ಆ ಪುಟಗಳನ್ನು ಮಡಚಿ ಹಾಸಿಗೆಯಡಿ ಸರಿಸಿದ, ಆಕೆ ಅವನ್ನು ಎಳೆದು ಓದಿದಳು. ಸಂತೆಯಲ್ಲಿ ಒಬ್ಬ ಅಪರಿಚಿತ, "ಬಾಣಂತನ ಮುಗೀತೇನ್ರಿ ನಿಮ್ಮ ಗಿಡದ್ದು?" ಎಂದು ಕೇಳಿ, ಸುತ್ತಲಿದ್ದವರನ್ನು ನಗಿಸಿದ. ಮನೆಗೆ ಬಂದು ಆಕೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಸಂಜೆ ಎದ್ದು ಮತ್ತೆ ತೋಟಕ್ಕೆ ಹೋದಳು.

ಆಷಾಢ ಬಂತು. ಕಪ್ಪತಗುಡ್ಡದ ಕಡೆಯಿಂದ ಗಾಳಿ ಎದ್ದು, ಗಿರಣಿಗಳ ತಗಡು ಹಾರಿಸುತ್ತ, ಒಣಗಿಸಿದ ಬಟ್ಟೆಗಳನ್ನು ಪಕ್ಕದೂರಿಗೆ ಕೊಡುತ್ತ ಬಂದಿತು. ದಾನಮ್ಮ ಹಗ್ಗ ಬಿಚ್ಚಲು ಹೇಳಿದಳು.

"ಮೇಡಂ, ಒಂದು ನಾಲ್ಕನ್ನ ಮಾತ್ರ ಬಿಚ್ಚಿ ನೋಡೋಣ" ಎಂದ ಶ್ರೀಕಂಠ.

"ಗಾಳಿ ನಾಲ್ಕಕ್ಕs ಬರತೈತೇನು? ಎಲ್ಲಾ ಬಿಚ್ಚಪಾ."

ತೋಟದೊಳಗೆ ಯಾರನ್ನೂ ಬಿಡಲಿಲ್ಲ. ಜನ ಬೇಲಿಯ ಹೊರಗೆ ತಲೆಗೆ ಟವೆಲು ಸುತ್ತಿಕೊಂಡು, ತಮ್ಮ ತಮ್ಮ ಮರ ಗುರುತಿಸುತ್ತ ನಿಂತರು. ದಾನಮ್ಮ ತಗಡಿನ ಕೋಣೆಯಲ್ಲಿ ಪರದೆಯ ಮುಂದೆ ಕೂತಳು. ಗಾಳಿ ಬಡಿಯಿತು. ಗೆರೆಗಳೆಲ್ಲ ಒಮ್ಮೆಲೇ ಕೆಳಗೆ ಬಿದ್ದವು. ಶ್ರೀಕಂಠ ಕುರ್ಚಿಯ ಅಂಚು ಹಿಡಿದುಕೊಂಡಿದ್ದ.

"ವಾಲ್ತು ಮೇಡಂ. ಎಲ್ಲಾ ವಾಲ್ತು." ಆಮೇಲೆ ಅವನ ದನಿ ಸಣ್ಣಗಾಯಿತು. "ಎದ್ದು ನಿಂತ್ಕೋತಾ ಇದಾವೆ. ನೋಡಿ. ತಾವೇ ಎದ್ದು ನಿಂತ್ಕೋತಾ ಇದಾವೆ."

ಗೆರೆಗಳು ಒಂದೊಂದಾಗಿ ಮೇಲೆ ಬಂದವು. ಒಂದು ಬರಲಿಲ್ಲ. ಹೊರಗೆ ದಡ್ಡನೆ ಸದ್ದಾಯಿತು. ಗಾಣಿಗರ ಓಣಿಯ ಬಸರಿ ಮಗುಚಿತ್ತು. ಆ ಓಣಿಯವರು ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ದಾನಮ್ಮ ಅವರ ಮನೆಗಳಿಗೆ ಹೋಗಿ ಚಹಾ ಕುಡಿದು ಬಂದಳು, ಸತ್ತ ಮನೆಗೆ ಹೋದ ಹಾಗೆ. ಉಳಿದ ಮರಗಳು ಆ ತಿಂಗಳ ಗಾಳಿಯನ್ನೆಲ್ಲ ಕುಡಿದು ನಿಂತವು.

ಮುಲ್ಲಾ ಸಾಹೇಬರು ಮತ್ತೆ ಬಂದರು. ಈ ಸಲ ಕೊಡೆ ಮಡಚಿ ಕಂಕುಳಲ್ಲಿಟ್ಟುಕೊಂಡು, ಒಂದು ಹುಣಸೆಗೆ ಬೆನ್ನು ಕೊಟ್ಟು ಜೋರಾಗಿ ನೂಕಿ ನೋಡಿದರು. ಮರ ಅವರನ್ನೇ ಮೆಲ್ಲಗೆ ಹಿಂದಕ್ಕೆ ನೂಕಿತು.

"ಬೇರೆ ಊರುಗಳಿಗೆ ಹೋಗಬೇಕಾದ ಗಿಡಾ ಎಲ್ಲಾ ಸಾಲಿಯೊಳಗs ನಿಂತಾವ್ರಿ" ಅಂದರು. "ಕೊಳವಿ ಹಾಕೂದು ಬ್ಯಾಡಂತ ಮಂಡಳಿ ಠರಾವು ಮಾಡೈತಿ. ಊರವರು ತೂಗಿ ನಿಲ್ಲಿಸಿದ ಗಿಡಕ್ಕs ತೋಟ ಅನ್ನಬೇಕಂತ. ಆರು ಊರಿಗೆ ಹೋಗಿ ಇದನ್ನ ಕಲಸಾವರು ಬೇಕು. ಮುಖ್ಯ ವಿನ್ಯಾಸಕರ ಹುದ್ದೆ ಈಗ ಅದs ಕೆಲಸ. ನಿಮಗ ಬ್ಯಾಡಾದ್ರ..."

"ಯಾರಂದಾರ್ರಿ ಬ್ಯಾಡಂತ?"

ಮರುದಿನದ ಪೇಪರಿನಲ್ಲಿ ಫೋಟೋ ಸಮೇತ ಬಂತು: ಏಳು ನಗರಗಳಿಗೆ ಗದಗಿನ ದಾನಮ್ಮ ಕವಲೂರ ಮುಖ್ಯ ವಿನ್ಯಾಸಕಿ. ಚೆನ್ನವ್ವ ಓಣಿಗೆಲ್ಲ ಸಕ್ಕರೆ ಹಂಚಿ, "ಫೋಟೋದಾಗ ಒಂದಿಷ್ಟು ದಪ್ಪ ಕಾಣ್ತಾಳ, ಅಷ್ಟು ಬಿಟ್ರ ಎಲ್ಲಾ ಖರೇನ" ಎಂದಳು.

ತೋಟ ತೆರೆದ ದಿನ ರಿಬ್ಬನ್ ಇರಲಿಲ್ಲ, ಭಾಷಣವೂ ಇರಲಿಲ್ಲ. ಬೇಲಿ ತೆಗೆದರು, ಅಷ್ಟೇ. ಶ್ರಾವಣ ಬಂದರೂ ಮಳೆ ಬಿದ್ದಿರಲಿಲ್ಲ, ಬಿಸಿಲು ಆರಿರಲಿಲ್ಲ. ಎಷ್ಟೋ ವರ್ಷದ ಮೇಲೆ ಗದಗಿನ ಜನ ಅಂಥ ಬಿಸಿಲಿನ ಮಧ್ಯಾಹ್ನದ ಹೊತ್ತಿನಲ್ಲಿ ಮನೆಯ ಹೊರಗೆ ಕೂತು ಒಬ್ಬರನ್ನೊಬ್ಬರು ನೋಡಿದರು. ದಾನಮ್ಮ ಗಂಡನೊಂದಿಗೆ ಬಂದು, ಕೆರೆಯ ಪಕ್ಕದ ದೊಡ್ಡ ಬೇವಿನ ಕೆಳಗೆ ಕಾಲು ಚಾಚಿ ಕೂತಳು. ನೆರಳು ತಾನು ಎಳೆಸಿದ ಗೆರೆಯ ಮೇಲೇ ಬಿದ್ದಿತ್ತು.

ಆಗ ಕೊಪ್ಪಳದ ಬಸ್ಸಿಳಿದ ಒಂದು ದೊಡ್ಡ ಸಂಸಾರ ಬುತ್ತಿಗಂಟು, ನೀರಿನ ಕ್ಯಾನು, ಅಳುವ ಕೂಸು ಎಲ್ಲ ಹೊತ್ತುಕೊಂಡು ಬಂತು. ಮುಂದಿದ್ದ ಮುದುಕಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನವಾ, ನೋಡಿದ್ರ ತಿಳದಾಕಿ ಕಾಣ್ತಿ. ಇಬ್ಬರs ಇಷ್ಟು ನೆಳ್ಳ ಹಿಡಕೊಂಡು ಕುಂತೀರಲ್ಲ? ನಿಮ್ಮಪ್ಪ ಹಚ್ಯಾನೇನು ಈ ಗಿಡಾ? ಏಳ್ರಿ, ಸರೀರಿ ಅತ್ತಾಗ. ನಾವು ಮಂದಿ ಭಾಳ ಅದೀವಿ."

ರುದ್ರಪ್ಪ ಬಾಯಿ ತೆರೆದ. "ಯಜ್ಜಿ, ಇವರು ಯಾರಂತ..."

ದಾನಮ್ಮ ಅವನ ಮಣಿಕಟ್ಟು ಹಿಡಿದು ಎಬ್ಬಿಸಿದಳು. ಸೀರೆ ಕೊಡವಿಕೊಂಡು ಬಿಸಿಲಿಗೆ ಬಂದು ನಿಂತಳು. ಮುದುಕಿಯ ಕಡೆಯವರು ಕಂಬಳಿ ಹಾಸಿದರು, ಬುತ್ತಿ ಬಿಚ್ಚಿದರು, ಕೂಸನ್ನು ಮಲಗಿಸಿದರು. ಎಲ್ಲರೂ ನೆರಳಿನೊಳಗೆ ಹಿಡಿಸುತ್ತಾರೋ ಇಲ್ಲವೋ ಎಂದು ದಾನಮ್ಮ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು.

ಹಿಡಿಸಿದರು. ಇನ್ನೂ ನಾಲ್ಕು ಮಂದಿಗೆ ಜಾಗ ಉಳಿದಿತ್ತು.